ಮಾವನ ಲಾರಿಯ ಕೊನೆಯ ಬೋರಿಂಗ್

ಹೋದ ತಿಂಗಳು ನಮ್ಮ ಘೋಡಬಂದರ್ ರಸ್ತೆಯ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟಿತ್ತು. ರಿಪೇರಿಯವನು ಕೆಳಗೆ ಯಾವುದೋ ಭಾಗಗಳನ್ನು ಬಿಚ್ಚಿ, ಅಗಲವಾದ ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆಗೆ ಹಾಕಿಕೊಂಡು ಕೂತಿದ್ದ. ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದಿದ್ದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಸೀಮೆಎಣ್ಣೆ ಈಗ ಯಾರ ಮನೆಯಲ್ಲೂ ಇಲ್ಲ, ಆದರೆ ಮೂಗು ಮರೆತಿರಲಿಲ್ಲ. "ಮ್ಯಾಡಮ್, ಆಧಾ ಘಂಟಾ ಲಗೇಗಾ" ಅಂದ ಅವನು, ನಾನು ಲಿಫ್ಟಿಗೆ ಕಾಯುತ್ತಿದ್ದೇನೆ ಅಂದುಕೊಂಡು. ನಾನು ಲಿಫ್ಟಿಗೆ ಕಾಯುತ್ತಿರಲಿಲ್ಲ. ನನ್ನ ಮನಸ್ಸು 2009ರ ಮಳೆಗಾಲಕ್ಕೆ, ಕಳವಾ ಸ್ಟೇಷನ್ ಹಿಂದಿನ ಒಂದು ತಗಡಿನ ಶೆಡ್ಡಿಗೆ ಹೋಗಿಬಿಟ್ಟಿತ್ತು.

ಆ ವರ್ಷವನ್ನು ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ದಿಗಿಲು. ಸುಖವೂ ಇತ್ತು, ನಗುವೂ ಇತ್ತು, ಅದೆಲ್ಲ ಆಮೇಲೆ ನೆನಪಾಗುತ್ತದೆ. ಒಂದು ಏಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತಿತ್ತು. ಮೊದಲನೆಯದು ನನ್ನ ಕೆಲಸ ಹೋದದ್ದು. ನಾನು ಮೈಸೂರಿನವಳು, ಮದುವೆಯಾಗಿ ಡೊಂಬಿವಲಿಗೆ ಬಂದು ಮೂರು ವರ್ಷವಾಗಿತ್ತು. ಗಂಡ ಗಿರೀಶನಿಗೆ ನವಿ ಮುಂಬಯಿಯಲ್ಲಿ ಐಟಿ ಕೆಲಸ, ನನಗೆ ಠಾಣೆಯ ಒಂದು ಫೈನಾನ್ಸ್ ಕಂಪನಿಯಲ್ಲಿ. ಆ ಬೇಸಿಗೆಯಲ್ಲಿ ಕಂಪನಿಯವರು ನಮ್ಮನ್ನೆಲ್ಲ ಮೀಟಿಂಗ್ ರೂಮಿಗೆ ಕರೆದು, ಕೈಗೆ ತಣ್ಣನೆಯ ಜ್ಯೂಸ್ ಕೊಟ್ಟು, ನಾಳೆಯಿಂದ ಬರುವುದು ಬೇಡ ಅಂದರು. ಆ ಜ್ಯೂಸನ್ನು ನಾನು ಪೂರ್ತಿ ಕುಡಿದು ಲೋಟ ವಾಪಸು ಕೊಟ್ಟೆ ಅನ್ನುವುದನ್ನು ಈಗಲೂ ನಂಬಲಾಗುವುದಿಲ್ಲ. ಮಧ್ಯಾಹ್ನದ ಖಾಲಿ ಲೋಕಲ್ ಹಿಡಿದು ಮನೆಗೆ ಬಂದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಮಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ವಿಷಯ ಕೇಳಿ, "ಒಳ್ಳೇದೇ ಆಯ್ತು. ನಂಗೆ ಜೊತೆಗೆ ಒಂದು ಜನ ಬೇಕಿತ್ತು" ಅಂದರು.

ಮಾವ ಉಡುಪಿ ಕಡೆಯವರು. ಊರಿನವರಿಗೆಲ್ಲ ಭುಜಂಗಣ್ಣ. ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿ, ಆಗ ಅದನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟಿದ್ದರು. ಆದರೆ ಹೋಟೆಲಿಗಿಂತ ಮುಂಚೆ ಅವರು ಲಾರಿಯವರು. ಮಂಗಳೂರಿನಿಂದ ಬಾಂಬೆಗೆ ಹಂಚು ಹೊತ್ತು, ಘಟ್ಟ ಹತ್ತಿ ಇಳಿದು, ವರ್ಷಗಟ್ಟಲೆ ಓಡಿಸಿದವರು. ಆ ಲಾರಿಯನ್ನು ಅವರು ಮಾರಿರಲಿಲ್ಲ. ಘಣಸೋಲಿಯ ಹಳೇ ಊರಿನಲ್ಲಿ ಒಬ್ಬ ಸ್ನೇಹಿತರ ಅಂಗಳದಲ್ಲಿ, ತಾಡಪಾಲಿನ ಕೆಳಗೆ ಅದು ನಿಂತಿತ್ತು. ಮೂತಿ ಮುಂದಕ್ಕೆ ಉಬ್ಬಿದ, ಹಳೇ ಕಾಲದ ಪೆಟ್ರೋಲ್ ಲಾರಿ. ಅಂಥ ಲಾರಿ ಇದ್ದವರೆಲ್ಲ ಯಾವತ್ತೋ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ್ದರು. ಮಾವ ಮಾತ್ರ ಹುಟ್ಟಿದ ಎಂಜಿನ್ನೇ ಇರಲಿ ಎಂದು ಹಟ ಹಿಡಿದಿದ್ದರು. ಈಗ ಅದನ್ನು ಬಿಚ್ಚಿ ಹೊಸದರ ಹಾಗೆ ಮಾಡಿಸಬೇಕು, ದೀಪಾವಳಿ ಕಳೆದ ಮೇಲೆ ತಾನೇ ಓಡಿಸಿಕೊಂಡು ಊರಿಗೆ ಹೋಗಿ ಮನೆಯಂಗಳದಲ್ಲಿ ನಿಲ್ಲಿಸಬೇಕು. ಇದು ಅವರ ತಲೆಯೊಳಗೆ ಹೊಕ್ಕ ಹುಳ.

ಕೇಳಲು ಚೆನ್ನಾಗಿದೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಮಾವ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಹೃದಯದ ಬಡಿತ ನಡುನಡುವೆ ತಡೆಯುತ್ತದೆ, ಯಾವಾಗ ಎಂದು ಹೇಳಲಾಗದು ಅಂದರು ಡಾಕ್ಟರು. ನಡೆಯಬಹುದು, ಹೋಟೆಲಿಗೆ ಹೋಗಿ ಕೂರಬಹುದು, ಸ್ಟಿಯರಿಂಗ್ ಮಾತ್ರ ಹಿಡಿಯುವಂತಿಲ್ಲ, ಸ್ಕೂಟರ್ ಕೂಡ ಬೇಡ. ಗಿರೀಶ ಇದನ್ನೇ ಅಪ್ಪನಿಗೆ ಎದುರಿಗೇ ಹೇಳಿದ. ಮಾವ ಊಟದ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ ಎದ್ದುಹೋದರು. ಆಮೇಲೆ ಮಗನ ಜೊತೆ ಮಾತಿಲ್ಲ. ಮನೆಯೊಳಗೆ ಉಸಿರು ಕಟ್ಟುವ ಹಾಗಾಯಿತು. ಕೊನೆಗೆ ಗಿರೀಶನೇ ಸೋತ. "ಅರೇ, ಮಾಡ್ಕೊಳ್ಳಿ ಬಿಡು ಸುಧಾ. ಅಷ್ಟು ಪುರಾನಾ ಎಂಜಿನ್ ಎಲ್ಲಿ ಬನೇಗಾ? ಪಾರ್ಟ್ಸೇ ಸಿಗಲ್ಲ. ನೀನು ಸುಮ್ಮನೆ ಜೊತೆಗೆ ಹೋಗು, ಬೀಳದೆ ಇದ್ರೆ ಸಾಕು" ಅಂದ. ಹೀಗೆ ಬ್ಯಾಲೆನ್ಸ್ ಶೀಟ್ ಓದುತ್ತಿದ್ದವಳು ಲಾರಿ ಎಂಜಿನ್ನಿನ ಹಿಂದೆ ಹೊರಟೆ.

ಲಾರಿಯ ಮಾತು ಬಂದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಏಕೆ ಅಂತ ಗಿರೀಶ ಒಮ್ಮೆ ಹೇಳಿದ್ದ. ಅವನು ಕೈಗೂಸಾಗಿದ್ದಾಗ, ಖಂಡಾಲಾ ಘಾಟಿನಲ್ಲಿ ಭುಜಂಗಣ್ಣನ ಲಾರಿ ಉರುಳಿತಂತೆ ಎಂದು ಯಾರೋ ಊರಿಗೆ ಸುದ್ದಿ ತಂದರು. ಉರುಳಿದ್ದು ಬೇರೆಯವರ ಲಾರಿ. ಆದರೆ ಮಾವ ತಾವೇ ಅಂಗಳಕ್ಕೆ ಬಂದು ನಿಲ್ಲುವವರೆಗೂ ಅದು ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ ಕೇರಿಯ ಹೆಂಗಸರು ಬಂದು ಅತ್ತೆಯ ಸುತ್ತ ಕೂತಾಗಿತ್ತು, ಒಬ್ಬರು ಅವರ ಕೈ ಹಿಡಿದು ಬಳೆಯ ಮೇಲೆ ಬೆರಳಾಡಿಸುತ್ತಿದ್ದರಂತೆ.

ಕಳವಾ ಶೆಡ್ಡಿನ ಮಾಲೀಕ ಸಂಗಪ್ಪನವರು, ಗೋಕಾಕ ಕಡೆಯವರು. ಹಳೇ ಎಂಜಿನ್ನಿನ ಕೆಲಸವೆಂದರೆ ಸುತ್ತಮುತ್ತಲಿನ ಗ್ಯಾರೇಜಿನವರೆಲ್ಲ ಅವರ ಹತ್ತಿರವೇ ಕಳಿಸುತ್ತಿದ್ದರು. ಘಣಸೋಲಿಯಲ್ಲಿ ಎಂಜಿನ್ ಬಿಚ್ಚಿ, ಅದರ ಬ್ಲಾಕನ್ನು ಮಾತ್ರ ಟೆಂಪೋದಲ್ಲಿ ತಂದು ಅಲ್ಲಿ ಇಳಿಸಿದರು. ಎಂಜಿನ್ ಎಂದರೆ ವೈರು, ಪೈಪು ಎಲ್ಲ ಇರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬರೀ ಒಂದು ಎರಕದ ಕಬ್ಬಿಣದ ದಿಮ್ಮಿ. ಮೇಲಿನಿಂದ ನೋಡಿದರೆ ಸಾಲಾಗಿ ಆರು ದೊಡ್ಡ ತೂತು, ಒಂದೊಂದರಲ್ಲೂ ಒಂದು ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಓಡಿ ಓಡಿ ತೂತು ಸವೆದು ಗುಂಡಗೆ ಉಳಿಯುವುದಿಲ್ಲ. ಆಗ ಅದನ್ನು ಕೊಂಚ ದೊಡ್ಡದಾಗಿ ಕೊರೆದು ಮತ್ತೆ ಗುಂಡಗೆ ಮಾಡಿ, ಆ ಅಳತೆಯ ದಪ್ಪ ಪಿಸ್ಟನ್ ಹಾಕುತ್ತಾರೆ. ಇದೇ ಬೋರಿಂಗ್. ಒಂದು ಬ್ಲಾಕಿಗೆ ಇದನ್ನು ಎಷ್ಟು ಸಲ ಬೇಕಾದರೂ ಮಾಡಲಾಗುವುದಿಲ್ಲ, ಪ್ರತಿ ಸಲವೂ ಗೋಡೆ ತೆಳ್ಳಗಾಗುತ್ತದೆ. ಗೋಡೆಯ ಆಚೆಗೆ ಎಂಜಿನ್ ತಣ್ಣಗಿಡುವ ನೀರು ಓಡಾಡುವ ಜಾಗ.

ಕಾಸ್ಟಿಕ್ ಸೋಡಾ ಹಾಕಿದ ಕುದಿಯುವ ನೀರಿನ ತೊಟ್ಟಿಯಲ್ಲಿ ಬ್ಲಾಕನ್ನು ಮುಳುಗಿಸಿ ತೆಗೆದಾಗ ದಶಕಗಳ ಕಪ್ಪು ಕೊಳೆ ಕಳಚಿ ಬೂದು ಬಣ್ಣ ಬಂತು. ಆಮೇಲೆ ಸಂಗಪ್ಪನವರು ಬ್ಲಾಕಿಗೆಲ್ಲ ಸೀಮೆಎಣ್ಣೆ ಬಳಿದು, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರು. ಎಲ್ಲಾದರೂ ಬಿರುಕಿದ್ದರೆ ಒಳಗೆ ಇಳಿದ ಸೀಮೆಎಣ್ಣೆ ಹೊರಗೆ ಜಿನುಗಿ ಬಿಳೀ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ. ನಾವು ಮೂವರೂ ಬಗ್ಗಿ ನೋಡುತ್ತಾ ನಿಂತೆವು. ಹೊರಗೆ ಮಳೆ ತಗಡಿನ ಮೇಲೆ ಬಾರಿಸುತ್ತಿತ್ತು. ಗೆರೆ ಬರಲಿಲ್ಲ. ಮಾವನ ಮುಖ ಅರಳಿತು. ಆದರೆ ಸಂಗಪ್ಪನವರು ಪಕ್ಕದ ಬಿರಡೆ ತೆಗೆದು, ಬಾಗಿದ ಕ್ಯಾಲಿಪರನ್ನು ಒಳಗೆ ಇಳಿಸಿ ಗೋಡೆಯ ದಪ್ಪ ಅಳೆದರು, ಮತ್ತೊಮ್ಮೆ ಅಳೆದರು.

"ಏನಾಯ್ತು?" ಅಂದೆ.

"ಇದನ್ನ ಹಿಂದ ಬಾಳ ಸಲ ಕೊರದಾರ ನೋಡ್ರಿ ಅಕ್ಕಾರ. ನೀರಿನ ಕಡಿಂದ ತುಕ್ಕು ಹಿಡದು ತಿಂದೈತಿ. ಈಗ ಕೊರಿಯೂದು ಕಡೀದು. ಇದರ ಮ್ಯಾಲ ಸ್ವಲ್ಪ ಕೊರದ್ರೂ ನೀರಿನ ಖೋಲಿಗೆ ಹೋಗತೈತಿ. ಒಳಗ ಸ್ಲೀವ್ ಅಂತ ಹೊಸಾ ಕಬ್ಬಿಣದ ಕೊಳವಿ ಹಾಕಾಕೂ ಬರಂಗಿಲ್ಲ, ಅದಕ್ಕ ಇನ್ನೂ ದೊಡ್ಡದು ಕೊರೀಬೇಕಾಗತೈತಿ."

"ಒಂದು ಸಲ ಸಾಕು ಸಂಗಪ್ಪ" ಅಂದರು ಮಾವ. "ನಂಗೆ ಊರು ಮುಟ್ಟಿದ್ರೆ ಆಯ್ತು."

ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಮುಟ್ಟುವುದಿಲ್ಲ ಅನ್ನುವುದು ಸಂಗಪ್ಪನವರ ಪದ್ಧತಿ. ಪಿಸ್ಟನ್ನಿನ ಅಳತೆ ನೋಡಿಯೇ ಕೊರೆಯಬೇಕು. ಗಿರೀಶ ನಂಬಿಕೊಂಡಿದ್ದು ಇದನ್ನೇ, ಪಾರ್ಟ್ಸ್ ಸಿಗುವುದಿಲ್ಲ ಅಂತ. ಮಾವನೂ ನಾನೂ ಮಳೆಯಲ್ಲಿ ಕುರ್ಲಾದ ಹಳೇ ಸ್ಪೇರ್ ಪಾರ್ಟ್ಸಿನ ಗಲ್ಲಿಗಳನ್ನು ಜಾಲಾಡಿದೆವು. ಒಂದು ಕತ್ತಲೆ ಅಂಗಡಿಯ ಅಟ್ಟದಿಂದ ಮುದುಕರೊಬ್ಬರು ಗ್ರೀಸ್ ಕಾಗದದಲ್ಲಿ ಸುತ್ತಿದ ಆರು ಪಿಸ್ಟನ್‌ಗಳನ್ನು ಇಳಿಸಿ ಕೊಟ್ಟರು. ಬೇಕಾದ ಅಳತೆಯೇ, ಎಲ್ಲಕ್ಕಿಂತ ದೊಡ್ಡದು, ಕೊನೆಯದು. ಮಾವ ಅವನ್ನು ಲೋಕಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಡೊಂಬಿವಲಿಯವರೆಗೂ ಬಂದರು. ಗಿರೀಶ ಬಾಗಿಲು ತೆರೆದವನು ಆ ಪೊಟ್ಟಣ ನೋಡಿ "ಸಿಕ್ತಾ?" ಅಂದ.

ಆಮೇಲಿನ ದಿನಗಳು ನಿಜವಾಗಿ ಸುಖದವು. ಬೋರಿಂಗ್ ಮಷಿನ್ ಮೆಲ್ಲಗೆ ತಿರುಗುತ್ತಾ ಬ್ಲಾಕಿನೊಳಗೆ ಇಳಿಯುತ್ತಿತ್ತು, ಸಣ್ಣ ಕಪ್ಪು ಪುಡಿ ಕೆಳಗೆ ಉದುರುತ್ತಿತ್ತು. ಸಂಗಪ್ಪನವರು ಕೊರೆಯುವಾಗ ಯಾರೂ ಮಾತಾಡುವಂತಿಲ್ಲ. ಸದ್ದು ಬದಲಾದರೆ ಅವರಿಗೆ ಕೇಳಬೇಕು. ನಾನು ಸ್ಟೂಲಿನ ಮೇಲೆ ಕೂತು, ಅರ್ಧ ಲೋಟದ ಕಟಿಂಗ್ ಚಹಾ ಕುಡಿಯುತ್ತಾ, ಹಳೆಯ ಕರೀ ಗೋಡೆ ಕನ್ನಡಿಯ ಹಾಗೆ ಆಗುವುದನ್ನು ನೋಡುತ್ತಿದ್ದೆ. ಕೆಲಸ ಹೋಗಿದೆ ಅನ್ನುವುದು ಆ ಶೆಡ್ಡಿನಲ್ಲಿ ಮರೆತುಹೋಗುತ್ತಿತ್ತು. ಮಾವ ನನಗೆ ಯಾವುದು ಏನು ಅಂತ ಹೇಳಿಕೊಡುತ್ತಿದ್ದರು. ಮೈಸೂರಿನ ಸೊಸೆ ತೂತಿನ ಅಳತೆ ತೋರಿಸುವ ಬೋರ್ ಗೇಜ್ ಓದುತ್ತಾಳೆ ಅನ್ನುವುದು ಅವರಿಗೆ ಹೆಮ್ಮೆ, ಹೋಟೆಲಿಗೆ ಬಂದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಸಂಜೆ ಮನೆಗೆ ಬಂದರೆ ಅತ್ತೆ ಕೇಳುತ್ತಿದ್ದರು. ಮಾವ ಸ್ನಾನಕ್ಕೆ ಹೋದಾಗ, ಅಡುಗೆಮನೆಯಲ್ಲಿ, ಕಾಯಿ ತುರಿಯುತ್ತಾ. "ಎಲ್ಲಿವರೆಗೆ ಬಂತು? ಇನ್ನೆಂತ ಬಾಕಿ ಉಂಟು?" ಅಂತ. ಕೇಳುವವರು ಸಿಕ್ಕಿದ್ದೇ ನನಗೆ ಹುರುಪು. ಇದು ಕಡೆಯ ಬೋರ್, ಇದು ಕೆಟ್ಟರೆ ಮತ್ತೆ ದಾರಿಯಿಲ್ಲ, ಇಂಥ ಬ್ಲಾಕ್ ಇಡೀ ಮುಂಬಯಿಯಲ್ಲಿ ಇನ್ನೊಂದು ಸಿಗುವುದಿಲ್ಲ ಎಂದು ಕಲಿತದ್ದನ್ನೆಲ್ಲ ಪಾಠ ಒಪ್ಪಿಸುತ್ತಿದ್ದೆ. ಅತ್ತೆ "ಹೌದಾ" ಅನ್ನುತ್ತಿದ್ದರು. ಗಂಡನ ಹಟಕ್ಕೆ ಇವರೂ ಮೆತ್ತಗಾಗಿದ್ದಾರೆ ಎಂದು ನನಗೆ ಖುಷಿಯಾಗಿತ್ತು.

ಒಂದು ದಿನ ಶೆಡ್ಡಿನಲ್ಲಿ, ನನ್ನ ಜೊತೆ ಮಾತಾಡುತ್ತಿದ್ದ ಮಾವ ಮಾತಿನ ನಡುವೆ ನಿಂತುಬಿಟ್ಟರು. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ನಾನು ಹಿಡಿಯುವಷ್ಟರಲ್ಲಿ ಕುಸಿದರು. ಸಂಗಪ್ಪನವರು ಮಷಿನ್ ನಿಲ್ಲಿಸಿ ಓಡಿಬಂದು ತೋಳಿಗೆ ಒರಗಿಸಿಕೊಂಡರು. ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲೇ ಮಾವ ಎದ್ದು ಕೂತು, ಏನೂ ಆಗದವರ ಹಾಗೆ, ಬಿಟ್ಟ ಮಾತನ್ನೇ ಮುಂದುವರಿಸಿದರು. ತಾವು ಬಿದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ಘಟ್ಟದ ತಿರುವಿನಲ್ಲಿ ಹೀಗಾದರೆ ಅನ್ನುವ ಯೋಚನೆಯನ್ನು ಮನಸ್ಸು ಪೂರ್ತಿ ಮಾಡಲು ಬಿಡಲಿಲ್ಲ. ಸಂಜೆ ಅತ್ತೆಗೆ ಎಲ್ಲ ಹೇಳಿದೆ. ತುರಿಯುತ್ತಿದ್ದ ಕೈ ಒಂದು ಗಳಿಗೆ ನಿಂತಿತು.

"ಗಿರೀಶನಿಗೆ ಹೇಳ್ಬೇಡ. ಅವ ಬಾಯಿ ಮಾಡ್ತಾನೆ. ಬಾಯಿ ಮಾಡಿದ್ರೆ ಇವರು ನಾಳೆಯೇ ಹೊರಡ್ತಾರೆ, ಹಾಗಿನ ಜನ."

"ಮತ್ತೆ ಹೇಗೆ ಅತ್ತೆ? ನೀವಾದರೂ ಬೇಡ ಅನ್ನಿ."

"ನಾನು ಬೇಡ ಅಂದದ್ದನ್ನು ಇವರು ಯಾವತ್ತು ಕೇಳಿದ್ದುಂಟು ಮಾರಾಯ್ತಿ?" ಅಂದು ಅತ್ತೆ ಮತ್ತೆ ತುರಿಯತೊಡಗಿದರು.

ಬೋರಿಂಗ್ ಆದ ಮೇಲೆ ಹೋನಿಂಗ್. ಉಜ್ಜುವ ಕಲ್ಲುಗಳಿಗೆ ಸೀಮೆಎಣ್ಣೆ ಸುರಿಯುತ್ತಾ, ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳನ್ನು ಎಳೆಯುವುದು. ಆ ಗೆರೆಗಳಲ್ಲಿ ಎಣ್ಣೆ ನಿಂತು ಪಿಸ್ಟನ್ ಜಾರುತ್ತದೆ. ಮುಗಿದಾಗ ಸಾಬೂನು ನೀರಿನಲ್ಲಿ ತೊಳೆದು, ಬಿಳೀ ಬಟ್ಟೆಗೆ ಕಪ್ಪು ಹತ್ತದಷ್ಟು ಒರೆಸಿ, ಸಂಗಪ್ಪನವರು ತಕ್ಷಣ ದಪ್ಪಗೆ ಎಣ್ಣೆ ಬಳಿದರು. ನಾನು ಬೆರಳು ಚಾಚಿದೆ.

"ಮುಟ್ಟಬ್ಯಾಡ್ರಿ. ಕೈಯಾಗಿನ ಬೆವರು ಸಾಕು. ನಾಳೆ ನಿಮ್ಮ ಬೆರಳು ಅಲ್ಲಿ ಕೆಂಪಗ ಮೂಡಿರತೈತಿ. ಪಕ್ಕದಾಗ ಖಾಡಿ, ಉಪ್ಪುನೀರಿನ ಹವಾ ಬ್ಯಾರೆ."

ಇದನ್ನೂ ಅತ್ತೆಗೆ ಹೇಳಿದೆ, ಒಂದು ತಮಾಷೆಯ ಸಂಗತಿಯಂತೆ.

ನವರಾತ್ರಿ ಶುರುವಾಗಿತ್ತು. ಇನ್ನುಳಿದದ್ದು ಜೋಡಿಸುವ ಕೆಲಸ ಮಾತ್ರ. ಮಾವ ಊಟಕ್ಕೆ ಕೂತಾಗ, ಹವಾಮಾನ ಹೇಳುವವರಂತೆ, "ದೀಪಾವಳಿಯ ಮರುದಿನ ಬೆಳಿಗ್ಗೆ ಹೊರಡುವುದು. ಒಬ್ಬನೇ ಹೋಗ್ತೇನೆ, ಯಾರೂ ಬೇಡ" ಅಂದರು. ಗಿರೀಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಪಪ್ಪಾ, ಆರ್ ಯು ಮ್ಯಾಡ್" ಅಂತ ಶುರುಮಾಡಿದವನು ನನ್ನ ಮುಖ ನೋಡಿ ನುಂಗಿಕೊಂಡ. ಕೀಲಿಕೈ ಬಚ್ಚಿಡುವುದೋ, ಚಕ್ರದ ಗಾಳಿ ತೆಗೆಯುವುದೋ ಎಂದು ನಾವಿಬ್ಬರೂ ಕೋಣೆಯಲ್ಲಿ ಮಕ್ಕಳಂತೆ ಯೋಚಿಸುತ್ತಾ ಕೂತೆವು. ನಿಜ ಹೇಳಬೇಕೆಂದರೆ ನಾವು ಹೆದರಿ ಹೋಗಿದ್ದೆವು.

ಮರುದಿನ ಅತ್ತೆ ತಾವಾಗಿ ಬಾಯಿಬಿಟ್ಟರು. "ಆಯುಧ ಪೂಜೆಗೆ ನಾನೂ ಕಳವಾಕ್ಕೆ ಬರ್ತೇನೆ. ಅಷ್ಟು ದೂರ ಹೋಗುವ ಎಂಜಿನ್, ಪೂಜೆ ಸರಿ ಆಗ್ಬೇಕಲ್ಲ." ಮಾವನಿಗೆ ಕಿವಿ ನಂಬಲಾಗಲಿಲ್ಲ. ಮದುವೆಯಾದಾಗಿನಿಂದ ಆ ಲಾರಿಯ ನೆರಳಿಗೂ ಬರದ ಹೆಂಡತಿ. ಆ ದಿನವೆಲ್ಲ ಅವರು ಹೊಸ ಮದುಮಗನ ಹಾಗೆ ಓಡಾಡಿದರು.

ಪೂಜೆಯ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು, ದೊಡ್ಡ ಬುಟ್ಟಿ ಹಿಡಿದು ಶೆಡ್ಡಿಗೆ ಬಂದರು. ಬಂದವರೇ ಎಲ್ಲರಿಗೂ ಒಂದೊಂದು ಕೆಲಸ ಹಚ್ಚಿದರು. ಸಂಗಪ್ಪನವರು ಚೆಂಡು ಹೂವಿಗೆ, ನಾನು ಬಾಳೆ ಎಲೆಗೆ, ಮಾವನಿಗೆ ಎದುರಿನ ಅಂಗಡಿಯಲ್ಲಿ ಕೂತು ಚಹಾ. "ನಾನು ಕ್ಲೀನ್ ಮಾಡಿ ಇಡ್ತೇನೆ, ನೀವೆಲ್ಲ ಹೋಗಿ ಬನ್ನಿ." ಹಬ್ಬದ ಜನಜಂಗುಳಿಯಲ್ಲಿ ಬಾಳೆ ಎಲೆ ಸಿಗಬೇಕಾದರೆ ಸಾಕಾಯಿತು. ಮರಳಿ ಬಂದಾಗ ಬ್ಲಾಕ್ ದೇವರಾಗಿ ಕೂತಿತ್ತು. ಮೈಗೆಲ್ಲ ಅರಸಿನ ಕುಂಕುಮ, ಆರು ಬೋರುಗಳ ಬಾಯಿಗೂ ಹೂವು, ಸುತ್ತ ಒದ್ದೆ ಮಾಡಿ ಹಿಂಡಿದ ಮಡಿ ಪಂಚೆ. ಪಕ್ಕದಲ್ಲಿ ಮಷಿನ್‌ಗಳಿಗೂ ಹಾರ. ಆರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಅತ್ತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಪೂಜೆಗೆ ಇಟ್ಟದ್ದನ್ನು ದಶಮಿ ಕಳೆಯುವವರೆಗೆ ಮುಟ್ಟಬಾರದು. ನಮ್ಮಲ್ಲಿ ಹಾಗೆ."

"ನಮ್ಮಾಗೂ ಹಂಗ ಐತ್ರೀ ಅಮ್ಮಾರ. ನಾ ಹೆಂಗೂ ಬನ್ನಿ ಮುಡಿಯಾಕ ಊರಿಗೆ ಹೊಂಟೀನಿ. ಬಂದ ಮ್ಯಾಲ ಜೋಡಸೂನು" ಅಂದರು ಸಂಗಪ್ಪನವರು. ಶೆಡ್ಡಿಗೆ ಬೀಗ ಬಿತ್ತು.

ಅವರು ಊರಿನಿಂದ ಬರುವುದು ತಡವಾಯಿತು. ಆ ದಿನಗಳಲ್ಲಿ ಹಿಂದಿರುಗುವ ಮಳೆ ಎರಡು ಮೂರು ಸಲ ಜಡಿದು ಹೋಯಿತು. ಕೊನೆಗೊಮ್ಮೆ ಫೋನ್ ಬಂದು, ಮಾವನೂ ನಾನೂ ಪಿಸ್ಟನ್ ಹಿಡಿದುಕೊಂಡು ಹೋದೆವು. ಬೀಗ ತೆಗೆದಾಗ ಕೊಳೆತ ಹೂವಿನ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಸಂಗಪ್ಪನವರು ಪಂಚೆ ಬಿಚ್ಚಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದು ಬೋರಿನಿಂದ ಹೂವಿನ ಮುದ್ದೆ ಎಳೆದು ತೆಗೆದು ಟಾರ್ಚ್ ಬಿಟ್ಟರು. ನಾನೂ ಬಗ್ಗಿದೆ. ಕನ್ನಡಿಯಂಥ ಗೋಡೆ ಇರಲಿಲ್ಲ. ಕೆಂಪು ತುಕ್ಕು ಹುಣ್ಣಿನ ಹಾಗೆ ಎದ್ದು ನಿಂತಿತ್ತು, ಮೇಲಿನಿಂದ ಕೆಳಗಿನವರೆಗೆ. ಎರಡನೆಯದರಲ್ಲೂ ಹಾಗೇ. ಆರರಲ್ಲೂ ಹಾಗೇ.

ಸಂಗಪ್ಪನವರು ಬೆರಳಿನಿಂದ ಗೋಡೆ ಕೆರೆದು ಮೂಸಿ, ನಾಲಗೆಗೆ ತಾಗಿಸಿದರು. "ಹುಣಸಿ ಹಣ್ಣ. ಉಪ್ಪು" ಅಂದರು. "ಎಣ್ಣಿ ಎಲ್ಲಾ ತಗದು, ಹಿತ್ತಾಳಿ ತಿಕ್ಕಿದಂಗ ತಿಕ್ಯಾರ." ತೊಳೆದು, ಸಣ್ಣ ಮರಳು ಕಾಗದದಲ್ಲಿ ಉಜ್ಜಿ ನೋಡಿದರು. ತುಕ್ಕು ಹೋಯಿತು, ಅದು ತಿಂದ ಗುಳಿಗಳು ಹೋಗಲಿಲ್ಲ. ಗುಳಿ ಹೋಗಬೇಕಾದರೆ ಮತ್ತೆ ಕೊರೆಯಬೇಕು, ಕೊರೆಯಲು ಗೋಡೆಯಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯ ಇರಲಿಲ್ಲ. ಸಂಗಪ್ಪನವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ನಾನು ಮಾವನ ಕಡೆ ನೋಡಲು ಹೆದರುತ್ತಿದ್ದೆ. ಮತ್ತೆ ಬೀಳುತ್ತಾರೆ ಅಂದುಕೊಂಡು ಹಿಂದೆ ಹೋಗಿ ನಿಂತಿದ್ದೆ. ಅವರು ಬಗ್ಗಿ ಆರೂ ಬೋರುಗಳನ್ನು ಒಂದೊಂದಾಗಿ, ನಿಧಾನವಾಗಿ ನೋಡಿದರು. ಟಾರ್ಚ್ ಆರಿಸಿದರು. "ಡೀಸೆಲ್ ಎಂಜಿನ್ ಒಂದು ನೋಡೂನ್ರಿ ಯಜಮಾನ್ರ" ಅಂದರು ಸಂಗಪ್ಪನವರು, ಅಳುವವರ ಹಾಗೆ. ಮಾವ ತಲೆಯಾಡಿಸಿದರು. "ಬೇಡ ಸಂಗಪ್ಪ. ಆಯ್ತು ಇದು." ಲೋಕಲಿನಲ್ಲಿ ಡೊಂಬಿವಲಿಯವರೆಗೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೈಯಲಿಲ್ಲ, ಒಂದು ನಿಟ್ಟುಸಿರೂ ಇಲ್ಲ. ಅವರು ಕಿರುಚಾಡಿದ್ದರೆ 'ಸದ್ಯ' ಅನ್ನಬಹುದಿತ್ತು.

ಮನೆಯಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯೋ ದೇವರೇ, ನಂಗೆಂತ ಗೊತ್ತು? ದೇವರ ಸಾಮಾನೆಲ್ಲ ಹುಳಿ ಹಾಕಿಯೇ ತಿಕ್ಕುವುದಲ್ವಾ? ಎಣ್ಣೆ ಜಿಡ್ಡಿನ ಮೇಲೆ ಕುಂಕುಮ ಹಚ್ಚುವುದು ಹೇಗೆ?" ಅಂದರು. ಗಿರೀಶ ಕೋಣೆಗೆ ಬಂದು, ಬಾಗಿಲು ಹಾಕಿ, ನಗುವುದೋ ಅಳುವುದೋ ತಿಳಿಯದೆ, "ದೇವರೇ ಬಚಾವ್ ಮಾಡಿದ" ಅಂದ. ಅವನ ನೆಮ್ಮದಿ ನನಗೂ ಅರ್ಥವಾಗುತ್ತಿತ್ತು. ಆದರೂ ನನಗೆ ಅತ್ತೆಯ ಮೇಲೆ ಸಿಟ್ಟು ಕುದಿಯುತ್ತಿತ್ತು. ಒಂದು ಇಡೀ ಮಳೆಗಾಲದ ಕೆಲಸ. ಮಡಿ ಮಡಿ ಅಂತ ಯಾವ ಕಾಲದಲ್ಲಿದ್ದಾರೆ ಇವರು ಎಂದು ನನ್ನೊಳಗೇ ಬೈದುಕೊಂಡೆ. ಹೋಟೆಲಿನಲ್ಲಿ ಈ ಕತೆ ಹಬ್ಬಿ, ನೆಂಟರೆಲ್ಲ ಬಂದು ಬಂದು ನಕ್ಕರು. ಅತ್ತೆ ತಲೆ ತಗ್ಗಿಸಿ ಎಲ್ಲರಿಗೂ ಕಾಫಿ ಕೊಟ್ಟರು.

ದೀಪಾವಳಿಗೆ ಮುಂಚೆಯೇ ಮಾವ ಲಾರಿಯನ್ನು ಕೊಟ್ಟುಬಿಟ್ಟರು. ಹೈವೇಯಲ್ಲಿ ಹೋಟೆಲ್ ತೆರೆಯುತ್ತಿದ್ದ ಪರಿಚಯದವರೊಬ್ಬರು, ಎಂಜಿನ್ ಇಲ್ಲದಿದ್ದರೂ ಪರವಾಗಿಲ್ಲ, ಬಾಗಿಲಲ್ಲಿ ನಿಲ್ಲಿಸುತ್ತೇವೆ ಅಂತ ಎಳೆದುಕೊಂಡು ಹೋದರು. ಆ ದಿನ ಮಾವ ಘಣಸೋಲಿಗೆ ಹೋಗಲಿಲ್ಲ. ಹಾಲ್‌ನಲ್ಲಿ ಕೂತು ಪೇಪರ್ ಓದಿದರು.

ಹಬ್ಬ ಕಳೆದ ಮಾರನೆಯ ಬೆಳಿಗ್ಗೆ, ಮಾವ ಹೊರಡಬೇಕಾಗಿದ್ದ ದಿನ, ಅತ್ತೆ ನೀರುದೋಸೆ ಮಾಡಿದರು. ಎಲ್ಲರ ತಿಂಡಿಯಾದ ಮೇಲೆ ಅವರು ತರಕಾರಿ ತರಲು ಕೆಳಗೆ ಹೋದರು. ಸಿಟ್ಟು ಒಳಗಿದ್ದರೂ ಸುಮ್ಮನೆ ಕೂರಲಾಗದೆ ನಾನು ಪಾತ್ರೆ ತೊಳೆದೆ. ದೋಸೆ ಹೊಯ್ಯುವ ಕಬ್ಬಿಣದ ಕಾವಲಿಯನ್ನು ಅತ್ತೆ ಯಾವತ್ತೂ ತಾವೇ ನೋಡಿಕೊಳ್ಳುತ್ತಿದ್ದರು. ಅವತ್ತು ಅದನ್ನೂ ಸೋಪು ಹಾಕಿ ಚೆನ್ನಾಗಿ ಉಜ್ಜಿ, ಸಿಂಕಿನಲ್ಲೇ ನೀರು ಸೋರಲು ಬಿಟ್ಟಿದ್ದೆ. ಅತ್ತೆ ಒಳಗೆ ಬಂದವರೇ ಚೀಲ ನೆಲಕ್ಕೆ ಹಾಕಿ ಅದನ್ನು ಎತ್ತಿಕೊಂಡರು.

"ಇದೆಂತ ಮಾಡಿದ್ದು ಮಾರಾಯ್ತಿ? ಕಬ್ಬಿಣದ ಜಿಡ್ಡು ತೆಗೆದು ಹೀಗೆ ಒದ್ದೆ ಇಡುವುದುಂಟಾ? ಸಂಜೆ ಒಳಗೆ ಕೆಂಪು ಕೂತ್ಕೊಳ್ತದೆ. ಒಮ್ಮೆ ತುಕ್ಕು ತಿಂದ ಕಾವಲಿಯಲ್ಲಿ ಮತ್ತೆ ಜನ್ಮದಲ್ಲಿ ದೋಸೆ ಏಳ್ತದಾ?"

ಸೆರಗಿನಿಂದ ಗಸಗಸ ಒರೆಸಿದರು, ಒಲೆಯ ಮೇಲಿಟ್ಟು ಒಣಗಿಸಿದರು, ಬಟ್ಟೆಯ ತುಂಡಿನಲ್ಲಿ ಎಣ್ಣೆ ಅದ್ದಿ ಮೂಲೆ ಮೂಲೆಗೂ ಹಚ್ಚಿದರು. ಅರ್ಧದಲ್ಲಿ ಅವರ ಕೈ ನಿಂತಿತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ.

"ಅತ್ತೆ" ಅಂದೆ.

ಅವರು ನನ್ನ ಮುಖ ನೋಡಲಿಲ್ಲ. ಒಲೆ ಆರಿಸಿದರು.

"ನಿನ್ನ ಮಾವ ಎಲ್ಲಿದ್ದಾರೆ ಈಗ?"

"ಹಾಲ್‌ನಲ್ಲಿ. ಪೇಪರ್ ಓದ್ತಿದ್ದಾರೆ."

"ಹಾಂ" ಅಂದರು ಅತ್ತೆ. "ಅಲ್ಲಿದ್ದಾರಲ್ಲ." ಮತ್ತೆ ಬಟ್ಟೆ ತೆಗೆದುಕೊಂಡು ಉಳಿದರ್ಧಕ್ಕೆ ಎಣ್ಣೆ ಹಚ್ಚತೊಡಗಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿ, ಮಾವನ ಎರಡನೇ ಕಾಫಿ ತೆಗೆದುಕೊಂಡು ಹಾಲ್‌ಗೆ ಹೋದೆ. ಅವರು ಪೇಪರಿನಿಂದ ಕಣ್ಣೆತ್ತಲಿಲ್ಲ.

"ಎಂತ, ಕಾವಲಿ ಒದ್ದೆ ಇಟ್ಟಿದ್ದಿಯಾ?"

"ಹೌದು ಮಾವ. ಅತ್ತೆ ಒರೆಸಿ ಎಣ್ಣೆ ಹಚ್ಚಿದರು."

"ಹಚ್ತಾಳೆ" ಅಂದರು ಮಾವ. "ನಮ್ಮ ಮದುವೆ ಆದಂದಿನಿಂದ ನೋಡ್ತಾ ಇದ್ದೇನೆ. ಕಬ್ಬಿಣವನ್ನು ಒಂದು ದಿನವೂ ಒದ್ದೆ ಬಿಟ್ಟವಳಲ್ಲ."

ಆಮೇಲೆ ಪುಟ ತಿರುಗಿಸಿದರು.